ರಿವಾಲ್ವರ್ ಕೈಕೊಟ್ಟರೆ ಎಲ್ಲಿಗೆ ಹೋಗೋದು? ವಾರಂಟಿ, ರಿಪೇರಿ, ಸ್ಪೇರ್ ಪಾರ್ಟ್ಸ್ ಬಗ್ಗೆ ನನಗೆ ಗೊತ್ತಾದದ್ದು

ಪಂಪ್‌ಸೆಟ್ ಮೋಟಾರ್ ಸುಟ್ಟರೆ ತುಮಕೂರಲ್ಲಿ ಒಂದು ಸುತ್ತು ಹೊಡೆದರೆ ಸಾಕು, ವೈಂಡಿಂಗ್ ಮಾಡುವವರು ಸಿಗುತ್ತಾರೆ. ಮಾರನೇ ದಿನ ತೋಟಕ್ಕೆ ನೀರು. ಲೈಸೆನ್ಸ್ ರಿವಾಲ್ವರ್ ಕೆಟ್ಟರೆ ಹಾಗಲ್ಲ. ಅದನ್ನು ಯಾರ ಕೈಗೆ ಕೊಡಬಹುದು, ಯಾರು ತೆಗೆದುಕೊಂಡು ಹೋಗಬಹುದು, ಯಾವ ಸ್ಕ್ರೂ ಎಲ್ಲಿಂದ ತರಿಸಬಹುದು, ಎಲ್ಲಕ್ಕೂ ಕಾನೂನಿದೆ. ಕೊಂಡುಕೊಳ್ಳುವಾಗ ಯಾರೂ ಇದನ್ನು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ, ಲೈಸೆನ್ಸ್ ಸಿಕ್ಕಿದ ಖುಷಿಯಲ್ಲೇ ಇರುತ್ತೇವೆ.

ನನ್ನದು ಗುಬ್ಬಿ ಕಡೆ ತೋಟ, ಒಂಟಿ ಮನೆ, ಪಾಯಿಂಟ್ 32 (ಅದು ಗುಂಡಿನ ಅಳತೆ) ರಿವಾಲ್ವರ್. ಯಾವ ಕಂಪನಿಯದು ಅನ್ನೋದು ಬೇಡ, ಯಾಕೆಂದರೆ ತಪ್ಪು ಕಂಪನಿಯದಲ್ಲ. ಒಂದು ಸಲ ಶೂಟಿಂಗ್ ರೇಂಜ್‌ನಲ್ಲಿ ಆರರಲ್ಲಿ ಎರಡು ಗುಂಡು ಹಾರಲಿಲ್ಲ. ಟಕ್ ಅಂತ ಶಬ್ದ ಅಷ್ಟೇ. ವಾರಂಟಿ ಕಾರ್ಡ್, ಬಿಲ್ಲು, ಸಿಟ್ಟು ಎಲ್ಲಾ ತುಂಬಿಕೊಂಡು ಬೆಂಗಳೂರಿಗೆ ಹೋದೆ. ಗನ್ ಹೌಸ್‌ನ ವಯಸ್ಸಾದ ಮೆಕ್ಯಾನಿಕ್ ಸೈಡ್ ಬಿಚ್ಚಿ ನೋಡಿ, ಮೂಸಿ, "ಏನ್ ಸ್ವಾಮಿ, ಇದಕ್ಕೆ ಒಗ್ಗರಣೆ ಹಾಕಿದ್ರಾ?" ಅಂದರು. ತೆಂಗಿನೆಣ್ಣೆ. ಮನೆಯಲ್ಲಿ ಬೇಕಾದಷ್ಟು ಇದೆಯಲ್ಲ ಅಂತ ಎರಡು ವರ್ಷ ಅದನ್ನೇ ಬಿಟ್ಟಿದ್ದೆ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುವ ಎಣ್ಣೆ ಅದು, ಹಳೆಯದಾದರೆ ಅಂಟು. ಧೂಳು, ಸುಟ್ಟ ಮದ್ದಿನ ಮಸಿ ಎಲ್ಲಾ ಸೇರಿ ಗುಂಡಿಗೆ ಹಿಂದಿನಿಂದ ಬಡಿಯುವ ಫೈರಿಂಗ್ ಪಿನ್ ಸರಿಯಾಗಿ ಮುಂದಕ್ಕೇ ಹೋಗುತ್ತಿರಲಿಲ್ಲ. ತೊಳೆದು ಕೊಟ್ಟರು. ವಾರಂಟಿ ಕಾರ್ಡನ್ನು ಜೇಬಿನಿಂದ ತೆಗೆಯಲೇ ಇಲ್ಲ ನಾನು.

ಅದಕ್ಕೇ ಮೊದಲನೇ ಮಾತು: ನಿಜಕ್ಕೂ ಗನ್ ಕೆಟ್ಟಿದೆಯಾ ನೋಡಿ. ಗುಂಡು ಹಾರದಿದ್ದರೆ ತಕ್ಷಣ ತೆರೆಯಬೇಡಿ. ನಳಿಗೆಯ ಬಾಯಿ ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವ ತೋಟಾಗಳೂ (ಕಾರ್ಟ್ರಿಜ್) ಇರುತ್ತವೆ. ಆಮೇಲೆ ತೋಟಾ ತೆಗೆದು ಹಿಂಭಾಗದ ಪ್ರೈಮರ್, ಅಂದರೆ ಪಿನ್ ಬಡಿದಾಗ ಮದ್ದು ಹೊತ್ತಿಸುವ ಸಣ್ಣ ಬಿಲ್ಲೆ ನೋಡಿ. ಗುಳಿ ಆಳವಾಗಿ ಬಿದ್ದೂ ಹಾರಿಲ್ಲ ಅಂದರೆ ಹೆಚ್ಚಾಗಿ ತೋಟಾದ್ದೇ ತಪ್ಪು. ಸುಮ್ನೆ ಗೀರಿದ ಹಾಗೆ ಸಣ್ಣ ಗುಳಿ ಇದ್ದರೆ ಸ್ಪ್ರಿಂಗ್, ಪಿನ್ ಅಥವಾ ನನ್ನ ಹಾಗೆ ಕೊಳೆ. ಹಾರದ ತೋಟಾದ ಫೋಟೋ, ತೋಟಾ ಡಬ್ಬದ ಮೇಲಿನ ಲಾಟ್ ನಂಬರ್ ಇಟ್ಟುಕೊಳ್ಳಿ. ಅಂಗಡಿಯವರು "ತೋಟಾ ಸರಿ ಇಲ್ಲ" ಅಂತ ಕೈ ತೊಳೆದುಕೊಳ್ಳುವಾಗ ಆ ಫೋಟೋವೇ ನಿಮ್ಮ ಕಡೆ ಮಾತಾಡುತ್ತದೆ. ಇನ್ನೊಂದು, ಶಬ್ದ ಪುಸ್ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಊದಿಕೊಳ್ಳುತ್ತದೆ ಇಲ್ಲವೇ ಸೀಳುತ್ತದೆ. ನಿಮ್ಮ ಬೆರಳೂ ಅಲ್ಲೇ ಇರುತ್ತದೆ.

ಯಾರ ಹತ್ತಿರ ಹೋಗಬೇಕು? ಲೇತ್ ಅಂಗಡಿಗೆ ಮಾತ್ರ ಬೇಡ. ನಮ್ಮೂರಲ್ಲಿ ಟ್ರ್ಯಾಕ್ಟರ್ ಪಾರ್ಟನ್ನೇ ಕಡೆದು ಕೊಡುವ ಕೈಗಳಿವೆ, ಒಪ್ಪುತ್ತೇನೆ. ಒಂದು ಪಿನ್ ಕಡೆದು ಕೊಡೋದು ಅವರಿಗೆ ಲೆಕ್ಕಕ್ಕಿಲ್ಲ. ಆದರೆ 1959ರ ಶಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸುವುದು, ಮಾರುವುದು ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಇದನ್ನು ಮೀರಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ. ಐವತ್ತು ರೂಪಾಯಿ ಕೆಲಸಕ್ಕೆ ಪಾಪದ ಲೇತಿನವನನ್ನು ಜೈಲಿಗೆ ಕಳಿಸಿದ ಹಾಗೆ ಆಗುತ್ತದೆ, ಜೊತೆಗೆ ನೀವೂ. ಹಾಗಾಗಿ ಗನ್ ಹೌಸ್‌ಗೆ ಹೋದಾಗ ಮಾರಾಟದ ಲೈಸೆನ್ಸ್ ಜೊತೆ ರಿಪೇರಿಯದೂ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಗೋಡೆಗೆ ಹಾಕಿರುತ್ತಾರೆ, ತೋರಿಸಿ ಅಂದರೆ ಬೇಜಾರು ಮಾಡಿಕೊಳ್ಳೋದೇನಿಲ್ಲ. ಮನೆಯಲ್ಲಿ ನೀವು ಮಾಡಬಹುದಾದದ್ದು ಕ್ಲೀನಿಂಗ್ ಮತ್ತು ಎಣ್ಣೆ, ಅಷ್ಟೇ. ಗನ್ ಆಯಿಲ್, ನಾಲ್ಕು ಹನಿ.

ತೆಗೆದುಕೊಂಡು ಹೋಗುವುದು ಇನ್ನೊಂದು ತಲೆನೋವು. ಲೈಸೆನ್ಸ್‌ನಲ್ಲಿ ವ್ಯಾಪ್ತಿ ಅಂತ ಒಂದು ಕಾಲಂ ಇರುತ್ತದೆ: ಜಿಲ್ಲೆ, ರಾಜ್ಯ ಅಥವಾ ಇಡೀ ದೇಶ. ಬರೀ ತುಮಕೂರು ಜಿಲ್ಲೆ ಅಂತಿದ್ದರೆ ಜಿಲ್ಲೆಯ ಗಡಿ ದಾಟುವ ಮುಂಚೆ ಡಿಸಿ ಆಫೀಸಿನ ಶಸ್ತ್ರ ಲೈಸೆನ್ಸ್ ನೋಡುವ ಶಾಖೆಯಲ್ಲಿ ಕೇಳಿ, ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಕಥೆ. ಖಾಲಿ ಮಾಡಿ, ಪೆಟ್ಟಿಗೆಯಲ್ಲಿಟ್ಟು, ಲೈಸೆನ್ಸ್ ಜೊತೆಗಿಟ್ಟುಕೊಂಡು ಹೋಗಿ. ತೋಟಾ ಬೇರೆ ಕಡೆ ಇರಲಿ, ರಿಪೇರಿಗೆ ಅದು ಬೇಕೂ ಇಲ್ಲ. ಲೈಸೆನ್ಸ್ ಅವಧಿ ಈಗ 5 ವರ್ಷ, ಮೊದಲು 3 ಇತ್ತು. ಅದು ಮುಗಿದಿದ್ದರೆ ರಿಪೇರಿ ಮಾತು ಆಮೇಲೆ, ಮೊದಲು ರಿನೀವಲ್.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲವೂ ಇದೆ. ಲೈಸೆನ್ಸ್ ಅಪ್ಪನ ಹೆಸರಲ್ಲಿದೆ, ಅವರಿಗೆ ಮಂಡಿನೋವು, ಬಸ್ಸು ಹತ್ತಲಾರರು ಅಂದುಕೊಳ್ಳಿ. ಆಗ ಅವರು ಬರಹದಲ್ಲಿ ಅಧಿಕಾರ ಕೊಟ್ಟರೆ ಬೇರೆಯವರು ಅದನ್ನು ರಿಪೇರಿಗೆ ಒಯ್ಯಬಹುದು. ಕಾಯ್ದೆಯ 3ನೇ ಸೆಕ್ಷನ್ನಿನಲ್ಲೇ ಇದಕ್ಕೆ ಅವಕಾಶ ಇದೆ. ಒಂದು ಹಾಳೆಯಲ್ಲಿ ಲೈಸೆನ್ಸ್ ನಂಬರ್, ಗನ್ ನಂಬರ್, ಯಾರು ಒಯ್ಯುತ್ತಿದ್ದಾರೆ, ಯಾವ ಅಂಗಡಿಗೆ, ಯಾವ ದಿನ, ಇಷ್ಟು ಬರೆದು ಸಹಿ ಹಾಕಿಸಿ, ಲೈಸೆನ್ಸ್ ಕೂಡ ಜೊತೆಗಿರಲಿ. "ನಮ್ಮ ಅಪ್ಪಾಜಿದು ಸಾರ್, ನಿಜವಾಗ್ಲೂ" ಅಂತ ಚೆಕ್‌ಪೋಸ್ಟಲ್ಲಿ ಬಾಯಿಮಾತಲ್ಲಿ ಹೇಳಿದರೆ ನಡೆಯಲ್ಲ. ಕೊರಿಯರ್‌ಗೆ ಹಾಕುವ ಯೋಚನೆಯಂತೂ ಬಿಟ್ಟುಬಿಡಿ.

ಈಗ ವಾರಂಟಿ. ಯೂಟ್ಯೂಬ್ ನೋಡಿ ಕೆಟ್ಟವರು ನಾವು. ಅಲ್ಲಿ ಅಮೆರಿಕದವರು ಕಂಪನಿಗೆ ಫೋನ್ ಮಾಡಿದರೆ ಡಬ್ಬ ಕಳಿಸುತ್ತಾರೆ, ರಿಪೇರಿ ಆಗಿ ಮನೆಗೆ ಬರುತ್ತದೆ. ಆದರೆ ಅಲ್ಲೂ ಎಲ್ಲಾ ಒಂದೇ ತರ ಇಲ್ಲ. ಗ್ಲಾಕ್ ಲಿಖಿತವಾಗಿ ಕೊಡುವುದು ಒಂದು ವರ್ಷದ ವಾರಂಟಿ. ರೂಗರ್ ಕಂಪನಿ ವಾರಂಟಿ ಕಾರ್ಡನ್ನೇ ಇಡುವುದಿಲ್ಲ, ಲಿಖಿತ ವಾರಂಟಿ ಕೊಡಲೇಬೇಕು ಅಂತ ಅಲ್ಲಿನ ಕಾನೂನು ಹೇಳುವುದಿಲ್ಲ ಅಂತ ತನ್ನ ಕೈಪಿಡಿಯಲ್ಲೇ ಬರೆದಿದೆ, ಹಾಗಂತ ರಿಪೇರಿ ಚೆನ್ನಾಗಿಯೇ ಮಾಡಿಕೊಡುತ್ತದೆ. ಕಾರ್ಡು ಬೇರೆ, ಸರ್ವಿಸ್ ಬೇರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಇಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ಕಾನ್ಪುರದ ಕಾರ್ಖಾನೆಗಳ ಮಾಲು: ಪಾಯಿಂಟ್ 32 ರಿವಾಲ್ವರ್, 2014ರಲ್ಲಿ ಬಂದ ಅರ್ಧ ಕಿಲೋ ತೂಕದ ನಿರ್ಭೀಕ್, 2023ರಲ್ಲಿ ಬಂದ, ಸಿಲಿಂಡರ್ (ತೋಟಾ ತುಂಬುವ ಉರುಳೆ) ಪಕ್ಕಕ್ಕೆ ತೆರೆಯುವ ಪ್ರಬಲ್. 2021ರ ಅಕ್ಟೋಬರ್‌ನಲ್ಲಿ ಸರ್ಕಾರಿ ಶಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಒಡೆದು ಏಳು ಕಂಪನಿ ಆದವಲ್ಲ, ಈ ಕಾರ್ಖಾನೆಗಳು ಅದರಲ್ಲಿ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಅನ್ನೋದರ ಕೆಳಗೆ ಬಂದವು. ನಿಮ್ಮ ಹಳೇ ಕಾಗದದಲ್ಲಿ ಹಳೇ ಹೆಸರಿದ್ದರೆ ಗಾಬರಿ ಬೇಡ, ಪತ್ರ ಬರೆಯುವಾಗ ಹೊಸ ಹೆಸರಿಗೆ ಬರೆಯಿರಿ.

ಕೊಳ್ಳುವ ದಿನವೇ ಕೌಂಟರ್ ಮುಂದೆ ನಿಂತು ಕೇಳಬೇಕಾದದ್ದು: ವಾರಂಟಿ ಎಷ್ಟು ದಿನ, ಬಿಲ್ ದಿನದಿಂದಲೋ ಕಾರ್ಖಾನೆ ಬಿಟ್ಟ ದಿನದಿಂದಲೋ, ಕೆಟ್ಟರೆ ನೀವೇ ನೋಡುತ್ತೀರೋ ಕಾನ್ಪುರಕ್ಕೆ ಹೋಗಬೇಕೋ, ಹೋಗಬೇಕಾದರೆ ಸಾಗಿಸುವ ಲೈಸೆನ್ಸ್ ಯಾರದು, ಖರ್ಚು ಯಾರದು. ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ, ನಾಚಿಕೆ ಬೇಡ. ತುಕ್ಕು, ಕೆಳಗೆ ಬಿದ್ದದ್ದು, ಬೇರೆಯವರು ಬಿಚ್ಚಿದ್ದು, ಮನೆಯಲ್ಲಿ ಮದ್ದು ತುಂಬಿದ ತೋಟಾ ಹಾಕಿದ್ದು, ಇವು ಯಾವ ವಾರಂಟಿಗೂ ಬರಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ತುಕ್ಕಿಗೆ ದೊಡ್ಡ ಕಾರಣ ಚರ್ಮದ ಹೋಲ್ಸ್ಟರ್. ಸೊಂಟಕ್ಕೆ ಸರಿ, ಬೀರುವಿಗೆ ಅಲ್ಲ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮಳೆಗಾಲ ಕಳೆದು ತೆಗೆದರೆ ಕೆಂಪು ಚುಕ್ಕೆ.

ಸ್ಪೇರ್ ಪಾರ್ಟ್ಸ್ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯ ನೇರ: ಬೆಂಗಳೂರಲ್ಲಿ ಯಾವುದರ ಸ್ಪ್ರಿಂಗ್ ಸಿಗುತ್ತದೋ ಆ ಗನ್ ಕೊಳ್ಳಿ. ಹೊಳಪು, ಹೆಸರು, ಫಾರಿನ್ ಮಾಲು ಅನ್ನೋದೆಲ್ಲ ಆಮೇಲೆ. ಹೊರದೇಶದ ಹ್ಯಾಂಡ್‌ಗನ್ ಸಾಮಾನ್ಯರಿಗೆ ತರಿಸುವುದು 1980ರ ದಶಕದಲ್ಲೇ ನಿಂತಿದೆ. ಅಂದರೆ ಈಗ ಕೈಬದಲಾಗುತ್ತಿರುವ ಫಾರಿನ್ ರಿವಾಲ್ವರ್‌ಗಳಲ್ಲಿ ಹೆಚ್ಚಿನವು ನಮ್ಮಲ್ಲಿ ಕೆಲವರಿಗಿಂತ ಹಿರಿಯವು. ತಾತನ ಕಾಲದ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಇದ್ದರೆ ಖುಷಿಪಡಿ, ಆದರೆ ಆ ಹಳೇ ಕಂಪನಿ 1979ರಲ್ಲೇ ಕೋವಿ ಮಾಡುವುದು ನಿಲ್ಲಿಸಿತು, ವಾರಂಟಿ ಕೇಳಲು ಅಲ್ಲಿ ಯಾರೂ ಇಲ್ಲ. ನಮ್ಮ ಕಾನ್ಪುರದ ರಿವಾಲ್ವರ್‌ನ ವಿನ್ಯಾಸ ಅದರದ್ದೇ ತರ, ಹಾಗಾಗಿ "ಇದರ ಪಾರ್ಟ್ ಅದಕ್ಕೆ ಕೂರುತ್ತೆ ಬಿಡಿ" ಅನ್ನುವವರು ಸಿಗುತ್ತಾರೆ. ನೋಡೋಕೆ ಒಂದೇ ತರ ಇದ್ದರೂ ಹಾಗೇ ಹಾಕಿದರೆ ಕೂರುತ್ತದೆ ಅಂತ ನಂಬಬೇಡಿ, ಅರ ಹಾಕಿ ಕೂರಿಸುವ ಕೈ ಬೇಕು. ಸ್ಪ್ರಿಂಗ್, ಪಿನ್, ಸ್ಕ್ರೂ, ಹಿಡಿಯ ಮರ ಇವು ಹೇಗೋ ಹೊಂದುತ್ತವೆ. ಸಿಲಿಂಡರ್ ತಿರುಗಿಸುವ ಕೊಕ್ಕೆ ಹಾಗಲ್ಲ, ಅದು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಗುಂಡಿನ ಮನೆ ನಳಿಗೆಗೆ ನೇರ ಬರುವುದಿಲ್ಲ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ.

ಫಾರಿನ್ ವೆಬ್‌ಸೈಟಿಂದ ತರಿಸುತ್ತೇನೆ ಅನ್ನುವ ಹುಡುಗರಿಗೆ: ಕಾಯ್ದೆಯಲ್ಲಿ ಶಸ್ತ್ರ ಅಂದರೆ ಅದರ ಬಿಡಿಭಾಗವೂ ಸೇರಿತು. ಫೈರಿಂಗ್ ಪಿನ್ನಿಗೂ ಆಮದು ಲೈಸೆನ್ಸ್ ಬೇಕು. ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಪಾರ್ಸೆಲ್ ಬದಲು ನೋಟಿಸ್ ಬರುತ್ತದೆ. ಕ್ಲೀನಿಂಗ್ ಬ್ರಷ್, ಹೋಲ್ಸ್ಟರ್ ಬೇರೆ ಮಾತು.

ಗನ್ ಒಪ್ಪಿಸುವಾಗ ರಸೀದಿ ಇಲ್ಲದೆ ಅಂಗಡಿ ಮೆಟ್ಟಿಲು ಇಳಿಯಬೇಡಿ. ಮನೆಯಲ್ಲಿ ಗನ್ ಇಲ್ಲ ಅನ್ನೋದಕ್ಕೆ ಅದೊಂದೇ ಸಾಕ್ಷಿ. ನಾಳೆ ಠಾಣೆಯವರು ತಪಾಸಣೆಗೆ ಬಂದರೆ ಏನು ತೋರಿಸುತ್ತೀರಿ? ರಸೀದಿಯಲ್ಲಿ ಗನ್ ನಂಬರ್, ತೊಂದರೆ ಏನು, ಯಾವ ಪಾರ್ಟ್ ಬದಲಿಸುತ್ತಾರೆ ಎಲ್ಲಾ ಇರಲಿ. ನಳಿಗೆ ಅಥವಾ ಫ್ರೇಮ್‌ನಂಥ ನಂಬರ್ ಇರುವ ಭಾಗ ಬದಲಿಸುವ ಮಾತು ಬಂದರೆ ಮೊದಲು ಡಿಸಿ ಆಫೀಸ್, ಆಮೇಲೆ ಕೆಲಸ. ಪಾಲಿಶ್ ಮಾಡಿಸುವವರಿಗೆ ಇದನ್ನೇ ಎರಡು ಸಲ ಹೇಳುತ್ತೇನೆ: ನನ್ನ ಪರಿಚಯದವರೊಬ್ಬರು ಹಳೇ ಗನ್ನಿಗೆ ಹೊಸ ಕಪ್ಪು ಬಣ್ಣ ಕೊಡಿಸಲು ಹೋದರು, ಬಫ್ ಚಕ್ರಕ್ಕೆ ಕೊಟ್ಟವನು ಚೆನ್ನಾಗಿ ಉಜ್ಜಿದ, ಕನ್ನಡಿಯ ಹಾಗೆ ಹೊಳೆಯಿತು, ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಮಸುಕಾಯಿತು. ನಂಬರ್ ಅಳಿಸುವುದು 8ನೇ ಸೆಕ್ಷನ್ ಪ್ರಕಾರ ಅಪರಾಧ. ಬೇಕಂತ ಮಾಡಿಲ್ಲ ಅಂತ ಒಪ್ಪಿಸುವಷ್ಟರಲ್ಲಿ ಅವರ ಚಪ್ಪಲಿ ಸವೆಯಿತು. ಪಾಲಿಶ್‌ಗೆ ಮುಂಚೆ ನಂಬರಿನ ಫೋಟೋ ತೆಗೆಯಿರಿ, ಆ ಜಾಗ ಮುಟ್ಟಬೇಡಿ ಅಂತ ರಸೀದಿಯಲ್ಲೇ ಬರೆಸಿ.

ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ನೋಡಿ. ಖಾಲಿ ಇದೆ ಅಂತ ಎರಡು ಸಲ ನೋಡಿದ ಮೇಲೆ, ಬಾಯಿ ಯಾರ ಕಡೆಗೂ ಇಲ್ಲದ ಹಾಗೆ ಹಿಡಿದು, ಹ್ಯಾಮರ್ (ಹಿಂಬದಿಯಲ್ಲಿ ಹೆಬ್ಬೆರಳಿನಿಂದ ಎಳೆಯುವ ಕುದುರೆ) ನಿಧಾನಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರ್ ಲಾಕ್ ಆಗಿರಬೇಕು. ಆರೂ ಮನೆಗೆ ಹೀಗೇ ನೋಡಿ, ಒಂದಕ್ಕೆ ಸರಿ ಇದ್ದು ಇನ್ನೊಂದಕ್ಕೆ ಇಲ್ಲದೆ ಇರಬಹುದು. ಬದಲಿಸಿದ ಹಳೇ ಪಾರ್ಟ್ ತೋರಿಸಿ ಅನ್ನಿ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಸರಿಯಾದ ಸ್ಕ್ರೂಡ್ರೈವರ್ ಇಲ್ಲದವರು ಬಿಚ್ಚಿದ್ದಾರೆ ಅಂತ ಅರ್ಥ, ಮುಂದಿನ ಸಲ ಬೇರೆ ಅಂಗಡಿ ನೋಡಿ.

ವಾರಂಟಿ ಇದ್ದೂ ಅಲೆದಾಡಿಸಿದರೆ? ಫೋನ್ ಸಾಕು ಮಾಡಿ, ಸ್ಪೀಡ್ ಪೋಸ್ಟ್ ಅಥವಾ ಇಮೇಲ್‌ನಲ್ಲಿ ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರ್ಖಾನೆ ಕಾನ್ಪುರದಲ್ಲಿದ್ದರೂ ಕೇಸು ತುಮಕೂರಲ್ಲಿ ನಡೆಯುತ್ತದೆ. ಎರಡು ವರ್ಷದೊಳಗೆ ಹಾಕಬೇಕು, 5 ಲಕ್ಷದವರೆಗಿನ ಬೆಲೆಯ ಮಾಲಿಗೆ ದೂರಿನ ಶುಲ್ಕ ಇಲ್ಲ. ವಕೀಲರೂ ಬೇಕೇ ಬೇಕು ಅಂತಿಲ್ಲ.

ಎಲೆಕ್ಷನ್ ಬಂದಾಗ ಗನ್ನನ್ನು ಠಾಣೆಯಲ್ಲಿ ಡೆಪಾಸಿಟ್ ಮಾಡಿಸುತ್ತಾರಲ್ಲ, ಅದನ್ನೂ ರಿಪೇರಿ ಲೆಕ್ಕದಲ್ಲೇ ಇಡಿ. 2024ರಲ್ಲಿ ನೀತಿ ಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ ಮೊದಲ ವಾರದವರೆಗೆ ಇತ್ತು. ಅಷ್ಟು ದಿನ ಒಂದು ಗೋಣಿಚೀಲದಲ್ಲಿ ನಿಮ್ಮದರ ಜೊತೆ ಇನ್ನಿಪ್ಪತ್ತು ಇರಬಹುದು. ಒಪ್ಪಿಸುವ ಹಿಂದಿನ ರಾತ್ರಿ ಒರೆಸಿ, ಎಣ್ಣೆ ಹಚ್ಚಿ, ನಾಲ್ಕೂ ಕಡೆ ಫೋಟೋ ತೆಗೆದು, ಪ್ಲಾಸ್ಟಿಕ್ ಬೇಡ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಡಿ. ವಾಪಸ್ ಬಂದ ದಿನವೇ ಸುತ್ತಿದ್ದನ್ನು ಬಿಚ್ಚಿ ಒರೆಸಿ, ನಾಳೆ ಅನ್ನಬೇಡಿ.

ಇನ್ನು ಆಯುಧ ಪೂಜೆ. ಪೂಜೆ ಬೇಡ ಅಂತ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ನನಗೂ ಇಲ್ಲ. ಆದರೆ ಕುಂಕುಮ ಹಿಡಿಯ ಮರಕ್ಕೆ ಒಂದು ಬೊಟ್ಟು ಸಾಕು, ಹ್ಯಾಮರ್ ಸಂದಿಗೆ ಬೇಡ, ವಿಭೂತಿ ಪೆಟ್ಟಿಗೆಗೆ ಬಳಿಯಿರಿ. ನೀರು ಚಿಮುಕಿಸುವುದಕ್ಕೆ ಮುಂಚೆ ಗನ್ನನ್ನು ಸ್ವಲ್ಪ ದೂರ ಸರಿಸಿ. ನಿಂಬೆಹಣ್ಣಿನ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ಬೈಕ್ ಚಕ್ರದ ಕೆಳಗೇ ಇಡಿ.