ಘಟ್ಟ ಹತ್ತಲು ಬೈಕ್ ಬೇಕಾ? ಮೊದಲು ನಿಮ್ಮ ಎಡಗಾಲನ್ನು ಕೇಳಿ

ಜುಲೈ ತಿಂಗಳ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಆಗುಂಬೆ ಘಟ್ಟದ ಬುಡದ ಸೋಮೇಶ್ವರದ ಚಾ ಅಂಗಡಿ ಎದುರು ನಿಂತರೆ ಸಾಕು, ಶೋರೂಮಿಗೆ ಹೋಗುವುದೇ ಬೇಡ. ಉಡುಪಿ, ಮಣಿಪಾಲ, ಮಂಗಳೂರಿನಿಂದ ಬಂದ ಗಾಡಿಗಳೆಲ್ಲ ಸಾಲಾಗಿ ನಿಂತಿರುತ್ತವೆ. ರೈನ್‌ಕೋಟ್ ಒದರುತ್ತಾ ಗೋಳಿಬಜೆ ತಿನ್ನುವವರ ಮಾತು ಒಂದೇ: ಎಷ್ಟು ಸಿಸಿ, ಎಷ್ಟು ಪಿಕಪ್, ಆನ್‌ರೋಡ್ ಎಷ್ಟು ಬಿತ್ತು. ಅಷ್ಟರಲ್ಲಿ ಹಿಂದೆ ಗೊಬ್ಬರದ ಮೂಟೆ ಕಟ್ಟಿಕೊಂಡ ಹಳೇ ಸ್ಪ್ಲೆಂಡರ್ ಒಂದು ಯಾರನ್ನೂ ತಿರುಗಿ ನೋಡದೆ ಆಗುಂಬೆ ಘಟ್ಟ ಹತ್ತಿ ಹೋಗುತ್ತದೆ.

ಆ ಸ್ಪ್ಲೆಂಡರ್‌ನ ಎಂಜಿನ್ 97.2 ಸಿಸಿ. ಘಟ್ಟಕ್ಕೆ ದೊಡ್ಡ ಎಂಜಿನ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಅದನ್ನೊಮ್ಮೆ ನೆನಪು ಮಾಡಿಕೊಳ್ಳಿ. ನನಗೆ ಆಗ ನೆನಪಾಗಲಿಲ್ಲ. ನಾನು ತೆಗೆದುಕೊಂಡದ್ದು ಎತ್ತರದ, ತೂಕದ, ಫೋಟೋದಲ್ಲಿ ಭಾರಿ ಚೆಂದ ಕಾಣುವ ಬೈಕ್. ನನ್ನ ಎತ್ತರ ಐದಡಿ ಐದಿಂಚು.

ಬಿದ್ದದ್ದು ಆಗುಂಬೆಯ ಒಂದು ಎಡ ತಿರುವಿನಲ್ಲಿ. ವೇಗ ಎಷ್ಟು ಅಂದರೆ ಸೊನ್ನೆ. ಮೇಲಿನಿಂದ ಮಿನಿ ಬಸ್ ಇಳಿಯುತ್ತಿತ್ತು, ಅದಕ್ಕೆ ತಿರುಗಲು ಇಡೀ ರಸ್ತೆ ಬೇಕು. ನಾನು ಎಡಕ್ಕೆ ಒತ್ತಿ ನಿಲ್ಲಿಸಿದೆ. ಬಲಗಾಲು ಹಿಂದಿನ ಬ್ರೇಕ್ ಮೇಲೆ. ಎಡಗಾಲು ಕೆಳಗಿಟ್ಟೆ, ನೆಲ ಸಿಗಲಿಲ್ಲ. ತಿರುವಿನ ಒಳಮಗ್ಗುಲಲ್ಲಿ ರಸ್ತೆ ಎಡಕ್ಕೆ ವಾಲಿರುತ್ತದಲ್ಲ, ಶೋರೂಮಿನಲ್ಲಿ ತುದಿಬೆರಳಿಗೆ ಸಿಕ್ಕಿದ್ದ ನೆಲ ಇಲ್ಲಿ ಮೂರಿಂಚು ಕೆಳಗಿತ್ತು. ಬೈಕ್, ನಾನು, ಹಿಂದೆ ಕೂತಿದ್ದ ಹೆಂಡತಿ, ಮೂರೂ ನಿಧಾನಕ್ಕೆ ಎಡಕ್ಕೆ ಮಲಗಿದೆವು. ಬಸ್ಸಿನ ಕಂಡಕ್ಟರ್ ಇಳಿದು ಬಂದು ಗಾಡಿ ಎತ್ತಿಸಿದರು. "ಎಂತ ಮಾರಾಯ್ರೆ, ಕಾಲು ನೆಲಕ್ಕೆ ಸಿಗುವುದಿಲ್ವಾ?" ಅಂತ ಕೇಳಿದರು. ಲಕ್ಷಗಟ್ಟಲೆ ಕೊಡುವ ಮೊದಲು ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಮೂರನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಕಳೆದ ಆರು ತಿಂಗಳ ಲೆಕ್ಕ ಬರೆಯಿರಿ

ಒಂದು ಚೀಟಿ ತೆಗೆದುಕೊಳ್ಳಿ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಬರೆಯಬೇಡಿ, ಆರು ತಿಂಗಳಲ್ಲಿ ಎಲ್ಲೆಲ್ಲಿ ಓಡಿಸಿದ್ದೀರಿ ಅಂತ ಬರೆಯಿರಿ. ಲಡಾಖ್ ಅಂತ ಬರೆಯಲು ಕೈ ತುರಿಸುತ್ತದೆ, ತಡೆದುಕೊಳ್ಳಿ. ಹೆಚ್ಚಿನವರ ಚೀಟಿಯಲ್ಲಿ ಇರುವುದು ಇಷ್ಟೇ: ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆ, ಎರಡು ತಿಂಗಳಿಗೊಮ್ಮೆ ಘಟ್ಟ, ವರ್ಷಕ್ಕೊಮ್ಮೆ ದೂರದ ಊರು. ನಂತೂರಿನ ಟ್ರಾಫಿಕ್ಕಿನಲ್ಲಿ ದಿನಾ ಕ್ಲಚ್ ಹಿಡಿಯುವ ಕೈಗೆ ಘಟ್ಟದ ಬೈಕ್ ಭಾರವಾಗಬಾರದು.

ಘಟ್ಟಗಳೂ ಒಂದೇ ಥರ ಅಲ್ಲ. ಶಿರಾಡಿ ಅಂದರೆ ರಾಷ್ಟ್ರೀಯ ಹೆದ್ದಾರಿ 75, ಬೆಂಗಳೂರು ಕಡೆಯ ಲಾರಿಗಳ ಸಾಲು. ಅಲ್ಲಿ ಓವರ್‌ಟೇಕ್ ಮಾಡುವ ದಮ್ಮು ಬೇಕು. ಚಾರ್ಮಾಡಿಯಲ್ಲಿ ಕಿರಿದಾದ ತಿರುವು ಮತ್ತು ಮಂಜು, ಹತ್ತು ಮಾರು ದೂರ ಕಾಣದ ದಿನಗಳಿರುತ್ತವೆ. ಅಲ್ಲಿ ವೇಗದ ಮಾತೇ ಇಲ್ಲ, ಒಳ್ಳೆಯ ಹೆಡ್‌ಲೈಟ್ ಬೇಕು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳು, ಒಂದಾದ ಮೇಲೆ ಒಂದು. ಕಾರ್ಕಳ, ಮಾಳ ದಾಟಿ ಕುದುರೆಮುಖದ ಕಡೆ ಹೋದರೆ ಕಾಡಿನ ನಡುವೆ ಉದ್ದುದ್ದ ತಿರುವುಗಳು. ಪೆಟ್ರೋಲ್ ಬಂಕ್ ಹುಡುಕಿದಲ್ಲಿ ಸಿಗುವುದಿಲ್ಲ, ಟ್ಯಾಂಕಿನ ಗಾತ್ರ ನೋಡಬೇಕಾದ್ದು ಇಂಥ ದಾರಿಗೆ. ಸುಬ್ರಹ್ಮಣ್ಯದಿಂದ ಬಿಸಿಲೆ ಹತ್ತುವವರಿಗೆ ಅಗಲ ಕಿರಿದಾದ ರಸ್ತೆ. ನೀವು ಜಾಸ್ತಿ ಹೋಗುವ ಘಟ್ಟ ಯಾವುದು ಅಂತ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.

ಹೆಜ್ಜೆ 2: ನೀವು ಯಾವ ಥರದ ಸವಾರ?

ಕೆಲವರು ನಿಧಾನಿಗಳು. ಮೂರನೇ ಗೇರಲ್ಲಿ ಹಾಡು ಗುನುಗುತ್ತಾ ಹೋಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ವಾಪಸ್ ಬರುವವರು. ಇವರು ಬ್ರೋಷರ್‌ನಲ್ಲಿ ಬಿಎಚ್‌ಪಿ, ಅಂದರೆ ಎಂಜಿನ್ನಿನ ಶಕ್ತಿ, ನೋಡುವುದು ಬೇಡ. ಟಾರ್ಕ್ ಎಷ್ಟು, ಅದು ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಸಿಗುತ್ತದೆ, ಇದನ್ನು ನೋಡಬೇಕು. ಟಾರ್ಕ್ ಅಂದರೆ ಚಕ್ರ ತಿರುಗಿಸುವ ಬಲ, ನಮ್ಮ ಮಾತಲ್ಲಿ ಎಳೆತ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಶಕ್ತಿ ಸುಮಾರು 20 ಬಿಎಚ್‌ಪಿ ಮಾತ್ರ. ಆದರೆ 27 ನ್ಯೂಟನ್ ಮೀಟರ್ ಟಾರ್ಕ್ 4,000 ಆರ್‌ಪಿಎಂಗೇ ಸಿಗುತ್ತದೆ. ಹೀರೋ ಎಕ್ಸ್‌ಪಲ್ಸ್ 200 4ವಿಯ ಶಕ್ತಿ ಹೆಚ್ಚುಕಮ್ಮಿ ಅಷ್ಟೇ, ಟಾರ್ಕ್ ಮಾತ್ರ 17ರ ಆಸುಪಾಸು. ಅದೂ 6,500 ಆರ್‌ಪಿಎಂ ಮುಟ್ಟಿದ ಮೇಲೆ. ತಿರುವಿನಲ್ಲಿ ವೇಗ 15 ಕಿಲೋಮೀಟರಿಗೆ ಇಳಿದಾಗ ಮೊದಲನೆಯದು ಎರಡನೇ ಗೇರಲ್ಲೇ ಗುಡುಗುಡು ಅಂತ ಎಳೆದುಕೊಂಡು ಹೋಗುತ್ತದೆ. ಎರಡನೆಯದಕ್ಕೆ ಗೇರ್ ಇಳಿಸಿ, ಎಂಜಿನ್ ಕೂಗಿಸಬೇಕು. ಕೂಗಿಸುವುದೇ ಖುಷಿ ಅನ್ನುವವರೂ ಇದ್ದಾರೆ, ಅದು ಬೇರೆ ವಿಷಯ.

ಇನ್ನು ಕೆಲವರಿಗೆ ತಿರುವೇ ಹುಚ್ಚು. ಬೈಕ್ ವಾಲಿಸಿ, ಆ ಕಡೆ ಈ ಕಡೆ ತೂಗಿಸಿ ಹತ್ತಬೇಕು. ಇವರಿಗೆ 17 ಇಂಚಿನ ಚಕ್ರದ, ಹಗುರದ ರಸ್ತೆ ಬೈಕ್ ಸಾಕು. 160 ಸಿಸಿಯದ್ದಾದರೂ ಆಗುಂಬೆಯಲ್ಲಿ 400 ಸಿಸಿಯ ಅಡ್ವೆಂಚರ್ ಬೈಕಿಗಿಂತ ಜಾಸ್ತಿ ಮಜಾ ಕೊಡುತ್ತದೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಸಿದ್ಧ.

ಮಣ್ಣು ರಸ್ತೆ, ಎಸ್ಟೇಟ್ ದಾರಿ, ಹೊಳೆ ದಾಟುವ ಆಸೆ ಇದ್ದವರಿಗೆ ಮುಂದೆ 21 ಇಂಚಿನ ಚಕ್ರ, 200 ಮಿಲಿಮೀಟರಿಗಿಂತ ಜಾಸ್ತಿ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಬೈಕಿನ ತಳಕ್ಕೂ ನಡುವಿನ ಅಂತರ) ಬೇಕು. ಎಕ್ಸ್‌ಪಲ್ಸ್ 200ದು 220, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ದು 230. ದೊಡ್ಡ ಚಕ್ರ ಗುಂಡಿಗೆ ಬೀಳುವ ಬದಲು ಅದರ ಮೇಲೆ ಉರುಳುತ್ತದೆ. ಬದಲಿಗೆ ಟಾರು ರಸ್ತೆಯ ತಿರುವಲ್ಲಿ ಸ್ವಲ್ಪ ಸೋಮಾರಿ. ಮಣ್ಣು ರಸ್ತೆ ಅಂದೆ, ಕಾಡು ಅನ್ನಲಿಲ್ಲ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಬೈಕ್ ನುಗ್ಗಿಸಿದರೆ ಕೇಸು ಬೀಳುತ್ತದೆ.

ಹಿಂದೆ ಹೆಂಡತಿಯೋ ಗಂಡನೋ, ಎರಡು ಬ್ಯಾಗು, ಮೂರು ದಿನದ ಪ್ರವಾಸ ಅನ್ನುವವರು ಮಾತ್ರ ಶಕ್ತಿಯ ಲೆಕ್ಕ ನೋಡಲಿ. 2023ರಲ್ಲಿ ಬಂದ ಹಿಮಾಲಯನ್ 450ರ 40 ಪಿಎಸ್ ಶಕ್ತಿ (ಒಂದು ಪಿಎಸ್ ಹೆಚ್ಚುಕಮ್ಮಿ ಒಂದು ಬಿಎಚ್‌ಪಿ) ಇಲ್ಲಿ ಕೆಲಸಕ್ಕೆ ಬರುತ್ತದೆ. ಅಷ್ಟು ಬೇಡ ಅಂದರೆ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ನ 249 ಸಿಸಿ ಎಂಜಿನ್ ಕೂಡ ಇಬ್ಬರನ್ನು ಆರಾಮಾಗಿ ಹತ್ತಿಸುತ್ತದೆ, ತೂಕವೂ ಸುಮಾರು 30 ಕೆಜಿ ಕಡಿಮೆ.

ಹೆಜ್ಜೆ 3: ಕಾಲು, ತೂಕ, ಇಳಿಜಾರು

ಮನೆಯಲ್ಲೇ ಶುರು ಮಾಡಿ. ಬೈಕ್ ಓಡಿಸುವಾಗ ಹಾಕುವ ಶೂ ಹಾಕಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಎರಡು ಕಾಲಿನ ನಡುವೆ ದಪ್ಪ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪಿನಲ್ಲಿ ಅಳೆಯಿರಿ. ಇದು ನಿಮ್ಮ ಕಾಲಿನ ಅಳತೆ. ಇದರ ಪಕ್ಕದಲ್ಲಿ ಬೈಕಿನ ಸೀಟಿನ ಎತ್ತರ ಬರೆಯಿರಿ. ರಾಯಲ್ ಎನ್‌ಫೀಲ್ಡ್ ಹಂಟರ್ 350ಕ್ಕೆ 790 ಮಿಲಿಮೀಟರ್, ಕ್ಲಾಸಿಕ್‌ಗೆ 805, ಹಿಮಾಲಯನ್ 450ಕ್ಕೆ 825, ಎಕ್ಸ್‌ಪಲ್ಸ್ 200 4ವಿಗೂ 825. ಅದೇ ಎಕ್ಸ್‌ಪಲ್ಸ್‌ನ ಪ್ರೊ ಮಾದರಿಗೆ 891. ಹೆಸರು ಒಂದೇ ಅಂತ ಬುಕ್ ಮಾಡಿದವರು ಡೆಲಿವರಿ ದಿನ ಸ್ಟೂಲು ಹುಡುಕಬೇಕಾಗುತ್ತದೆ.

ಸಂಖ್ಯೆಯೊಂದೇ ಸಾಲದು. ಸೀಟು ಅಗಲ ಇದ್ದರೆ ಕಾಲು ಹೊರಕ್ಕೆ ಚಾಚಿ, ಉದ್ದ ಕಡಿಮೆಯಾಗುತ್ತದೆ. ಮೆತ್ತಗಿನ ಶಾಕ್‌ಅಬ್ಸಾರ್ಬರ್ ಇದ್ದರೆ ಕೂತ ಕೂಡಲೇ ಗಾಡಿ ಕೆಳಗಿಳಿದು ಕಾಲಿಗೆ ನೆಲ ಸಿಗುತ್ತದೆ. ಹಾಗಾಗಿ ಕೂತೇ ನೋಡಬೇಕು.

ಎಲ್ಲಿ ಕೂತು ನೋಡಬೇಕು ಅನ್ನುವುದು ಮುಖ್ಯ. ಶೋರೂಮಿನ ನೆಲ ಟೈಲ್ಸ್ ಹಾಕಿದ ಸಪಾಟು ನೆಲ, ಅದು ಏನೂ ಹೇಳುವುದಿಲ್ಲ. ಟೆಸ್ಟ್ ರೈಡ್‌ಗೆ ಕೊಡುವವರು ಸಾಮಾನ್ಯವಾಗಿ "ಹೀಗೆ ಹೋಗಿ ಹೀಗೆ ಬನ್ನಿ ಸರ್" ಅಂತ ನೇರ ರಸ್ತೆ ತೋರಿಸುತ್ತಾರೆ. ಒಪ್ಪಬೇಡಿ. ಮಂಗಳೂರಿನಲ್ಲಾದರೆ ಲೈಟ್‌ಹೌಸ್ ಹಿಲ್ ರಸ್ತೆಗೋ ಕದ್ರಿ ಗುಡ್ಡೆಗೋ ಹೋಗುತ್ತೇನೆ ಅನ್ನಿ, ಉಡುಪಿಯಲ್ಲಾದರೆ ಮಣಿಪಾಲದ ಏರು. ಅಲ್ಲಿ ಏರಿನ ಮಧ್ಯೆ, ಹಿಂದೆ ವಾಹನ ಇಲ್ಲದಾಗ ನಿಲ್ಲಿಸಿ. ಬಲಗಾಲು ಬ್ರೇಕಿನಿಂದ ತೆಗೆಯಬೇಡಿ. ಎಡ ಪಾದ ಎಷ್ಟು ಊರುತ್ತದೆ ನೋಡಿ. ಪಾದದ ಮುಂದಿನ ಅರ್ಧ ಭಾಗವಾದರೂ ಗಟ್ಟಿಯಾಗಿ ಊರಿದರೆ ಸರಿ. ಹೆಬ್ಬೆರಳು ಮಾತ್ರ ತಾಗುತ್ತಿದ್ದರೆ ಘಟ್ಟದ ಎಡ ತಿರುವಿನಲ್ಲಿ ಅದೂ ತಾಗುವುದಿಲ್ಲ. ಆಮೇಲೆ ಬ್ರೇಕ್ ಬಿಡುತ್ತಾ, ಕ್ಲಚ್ ಬಿಡುತ್ತಾ ಹೊರಡಿ. ಹಿಂದಕ್ಕೆ ಜಾರಿತಾ, ಎಂಜಿನ್ ಬಂದ್ ಬಿತ್ತಾ ಗಮನಿಸಿ. ಮನೆಯವರನ್ನು ಹಿಂದೆ ಕೂರಿಸಿ ಇದನ್ನೇ ಇನ್ನೊಮ್ಮೆ ಮಾಡಿ.

ತೂಕದ ಪರೀಕ್ಷೆಗೆ ಎಂಜಿನ್ ಬೇಡ. ಸಣ್ಣ ಇಳಿಜಾರಿನಲ್ಲಿ ಬೈಕಿನ ಮುಖ ಕೆಳಗೆ ಮಾಡಿ ನಿಲ್ಲಿಸಿ, ಕೂತುಕೊಂಡೇ ಕಾಲಿನಿಂದ ಹಿಂದಕ್ಕೆ ತಳ್ಳಿ. ಘಟ್ಟದ ಚಾ ಅಂಗಡಿ ಎದುರು ಪಾರ್ಕಿಂಗ್ ಅಂದರೆ ಇದೇ. 160 ಕೆಜಿಯ ಆಸುಪಾಸಿನ ಎಕ್ಸ್‌ಪಲ್ಸ್ ಬರುತ್ತದೆ. 195 ಕೆಜಿಯ ಗಾಡಿಗೆ ಕೆಲವರು ಇಳಿದು ಹ್ಯಾಂಡಲ್ ಹಿಡಿದು ಎಳೆಯಬೇಕಾಗುತ್ತದೆ. ಇಳಿದು ಎಳೆಯುವುದು ಅವಮಾನವೇನಲ್ಲ. ಆದರೆ ಪ್ರತಿ ಭಾನುವಾರ ಎಳೆಯಬೇಕಾ ಅಂತ ಯೋಚಿಸಿ.

ಹೆಜ್ಜೆ 4: ಟಯರು ಮತ್ತು ಬ್ರೇಕು

ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ಟಾರಿನ ಅಂಚಿಗೆ ಪಾಚಿ ಹಿಡಿದಿರುತ್ತದೆ. ದೊಡ್ಡ ದೊಡ್ಡ ರಬ್ಬರ್ ಗಟ್ಟಿಗಳಿರುವ, ಮಣ್ಣು ರಸ್ತೆಯ ಟಯರು ನೋಡಲು ಜೋರು, ಆದರೆ ಒದ್ದೆ ಟಾರಿನಲ್ಲಿ ಅದು ನೆಲ ಮುಟ್ಟುವ ಜಾಗವೇ ಕಡಿಮೆ. ಟಾರು ರಸ್ತೆಯಲ್ಲೇ ಇರುವವರು ಸುಮ್ನೆ ಅದರ ಹಿಂದೆ ಹೋಗಬೇಡಿ. ಟಯರಿನ ಗೀರುಗಳೊಳಗೆ ಸಣ್ಣ ಉಬ್ಬುಗಳಿರುತ್ತವೆ, ಪಕ್ಕದಲ್ಲಿ ಟಿಡಬ್ಲ್ಯೂಐ ಅಂತ ಗುರುತು ಇರುತ್ತದೆ. ರಬ್ಬರ್ ಸವೆದು ಆ ಉಬ್ಬಿಗೆ ಸಮ ಆಯಿತು ಅಂದರೆ ಟಯರು ಬದಲಿಸಿ. ಮಳೆಗಾಲಕ್ಕೆ ಮೊದಲೇ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆದರೆ ಮುಂದಿನ ಚಕ್ರಕ್ಕೆ ಮಾತ್ರವಾ, ಎರಡಕ್ಕೂ ಇದೆಯಾ ಅಂತ ಕೇಳಿ. ಮಳೆಯ ಘಟ್ಟಕ್ಕೆ ಎರಡಕ್ಕೂ ಇದ್ದರೆ ಒಳ್ಳೆಯದು. ಮಣ್ಣಿನಲ್ಲಿ ಓಡಿಸುವವರಿಗೆ ಹಿಂದಿನದನ್ನು ಬಂದ್ ಮಾಡುವ ಸ್ವಿಚ್ ಇರಬೇಕು.

ಇಳಿಯುವಾಗ ನಿಜವಾದ ಬ್ರೇಕ್ ಎಂಜಿನ್ನೇ. ಹತ್ತಿದ ಗೇರಲ್ಲೇ ಇಳಿಯಿರಿ ಅಂತ ಹಳಬರು ಹೇಳುವುದು ಸುಮ್ನೆ ಅಲ್ಲ. ಸ್ಕೂಟರಿನಲ್ಲಿ ಗೇರ್ ಇಳಿಸುವ ಅವಕಾಶ ಇಲ್ಲ, ಎಂಜಿನ್ ಹಿಡಿತವೂ ಕಡಿಮೆ. ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದು ಅದು ಬಿಸಿಯಾಗುತ್ತದೆ. ಆಕ್ಟಿವಾದಲ್ಲಿ ಘಟ್ಟ ಹತ್ತಬಾರದು ಅಂತಲ್ಲ. ಇಳಿಯುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಬ್ರೇಕ್ ತಣಿಸಿ.

ಹೆಜ್ಜೆ 5: ಸೆಕೆಂಡ್‌ಹ್ಯಾಂಡ್ ಆದರೆ ಕೆಳಗೆ ಬಗ್ಗಿ ನೋಡಿ

ನಮ್ಮದು ಕಡಲ ಊರು. ಮಲ್ಪೆ, ಉಳ್ಳಾಲದಂಥ ಕಡಲಬದಿಯ ಗಾಡಿಗೆ ಮೇಲೆ ಪಾಲಿಶ್ ಇದ್ದರೂ ಅಡಿಯಲ್ಲಿ ತುಕ್ಕು ಇರಬಹುದು. ಸ್ಪೋಕುಗಳ ಬುಡ, ಸೈಲೆನ್ಸರಿನ ತಳ, ಸೀಟು ಎತ್ತಿದರೆ ಸಿಗುವ ಬೋಲ್ಟುಗಳು, ಈ ಮೂರು ಜಾಗ ನೋಡಿ. ಮೀನಿನ ಪೆಟ್ಟಿಗೆ ಕಟ್ಟಿ ಓಡಿಸಿದ ಗಾಡಿಯಾದರೆ ಹಿಂದಿನ ಕ್ಯಾರಿಯರ್ ಕೂರುವ ಜಾಗದಲ್ಲಿ ಉಪ್ಪುನೀರು ಇಳಿದು ಚಾಸಿಸ್ ತಿಂದಿರುತ್ತದೆ. ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಹೆಜ್ಜೆ 6: ಒಂದು ದಿನ ಬಾಡಿಗೆಗೆ ತನ್ನಿ

ಇದನ್ನು ಯಾಕೋ ಯಾರೂ ಮಾಡುವುದಿಲ್ಲ. ಮನಸ್ಸಲ್ಲಿರುವ ಬೈಕನ್ನೇ ಒಂದು ದಿನ ಬಾಡಿಗೆಗೆ ತಂದು ನಿಮ್ಮ ಘಟ್ಟ ಹತ್ತಿ ಇಳಿಯಿರಿ. ಕಪ್ಪು ನಂಬರ್‌ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಕಾನೂನುಬದ್ಧ ಬಾಡಿಗೆ ಗಾಡಿ. ಸಾಧ್ಯವಾದರೆ ಮಳೆಯ ದಿನವೇ ಹೋಗಿ, ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ವಾಪಸ್ ಬಂದ ಮೇಲೆ ನಿಮಗಿಂತ ಮೊದಲು ಅವರನ್ನು ಕೇಳಿ. ನನ್ನ ಹೆಂಡತಿಯನ್ನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು.

ಆ ಎತ್ತರದ ಬೈಕನ್ನು ಎಂಟೇ ತಿಂಗಳಲ್ಲಿ ಮಾರಿದೆ. ನೋಡಲು ಬಂದವನು ಬ್ರಹ್ಮಾವರದ ಹುಡುಗ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಎಂಜಿನ್ ಸ್ಟಾರ್ಟ್ ಮಾಡಲೂ ಹೇಳಲಿಲ್ಲ, ಸುಮ್ನೆ ಹತ್ತಿ ಕೂತ. ಅಂಗಳದ ಇಳಿಜಾರಿನಲ್ಲೂ ಎರಡು ಪಾದ ಪೂರ್ತಿ ನೆಲದ ಮೇಲೆ, ಮೊಣಕಾಲು ಸ್ವಲ್ಪ ಮಡಚಿಯೇ ಇತ್ತು. ಅವನು ಕೇಳಿದ ಬೆಲೆಗೇ ಕೊಟ್ಟೆ.