ನಾಲ್ಕು ಚಕ್ರ, ಒಂದು ಬಿಳಿ ಗೆರೆ: ರೇಸ್ ಮಾರ್ಷಲ್ ಆಗಿ ನನ್ನ ಅನುಭವ

ಗುರುವಾರ ರಾತ್ರಿ ಬೆಂಗಳೂರಿನಲ್ಲಿ ಚೆನ್ನೈ ಬಸ್ಸು ಹತ್ತುವುದು, ಬೆಳಗಿನ ಜಾವ ಶ್ರೀಪೆರಂಬುದೂರಿನ ಹತ್ತಿರ ಹೆದ್ದಾರಿಯಲ್ಲೇ ಇಳಿಯುವುದು. ಅಲ್ಲಿಂದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ದೂರವಿಲ್ಲ. ನಮ್ಮೂರಲ್ಲಿ ಕಾರ್ಟಿಂಗ್ ಟ್ರ್ಯಾಕ್‌ಗಳಿವೆ, ರೇಸಿಂಗ್ ಹುಚ್ಚಿನವರೂ ಬೇಕಾದಷ್ಟು ಜನ ಇದ್ದಾರೆ. ಆದರೆ ದೊಡ್ಡ ಸರ್ಕ್ಯೂಟ್ ಇಲ್ಲ. ಹಾಗಾಗಿ ಮಾರ್ಷಲ್ ಕೆಲಸ, ಅಂದರೆ ಟ್ರ್ಯಾಕಿನ ಪಕ್ಕ ನಿಂತು ಬಾವುಟ ತೋರಿಸುವ, ಕೆಟ್ಟು ನಿಂತ ಕಾರು ತೆಗೆಸುವ ಕೆಲಸ ಕಲಿಯಬೇಕು ಅಂದರೆ ಗಡಿ ದಾಟಲೇಬೇಕು. ನಾನು ಕಲಿತದ್ದು ಹೀಗೆ, ವಾರಾಂತ್ಯದ ಬಸ್ಸಿನಲ್ಲಿ.

ಆಮೇಲೆ ಬೇರೆ ಟ್ರ್ಯಾಕ್‌ಗಳಲ್ಲೂ ನಿಂತಿದ್ದೇನೆ. ಈಗ ಹೇಳಹೊರಟಿರುವ ತಿರುವು ಯಾವ ಟ್ರ್ಯಾಕಿನದು ಅನ್ನುವುದು ಮುಖ್ಯವಲ್ಲ. ಅಂಥ ತಿರುವು ಎಲ್ಲ ಕಡೆ ಒಂದಾದರೂ ಇರುತ್ತದೆ. ಬಲಕ್ಕೆ ಹೊರಳುವ ವೇಗದ ತಿರುವು. ಅದರಿಂದ ಹೊರಬರುವ ಜಾಗದಲ್ಲಿ ಎಡಕ್ಕೆ ಬಿಳಿ ಗೆರೆ, ಗೆರೆಯಾಚೆ ಕೆಂಪು ಬಿಳಿ ಬಣ್ಣದ ಕಾಂಕ್ರೀಟಿನ ಅಂಚು, ಅಂದರೆ ಕರ್ಬ್, ಕರ್ಬ್‌ನಾಚೆ ಒಂದಿಷ್ಟು ಡಾಂಬರು. ಆ ಡಾಂಬರು ಎಡವಟ್ಟಾದವರಿಗೆ ಕಾರು ಹಿಡಿತಕ್ಕೆ ತಂದುಕೊಳ್ಳಲಿ ಅಂತ ಬಿಟ್ಟ ಜಾಗ. ಆದರೆ ಅಲ್ಲಿಗೆ ಹೋದರೆ ಆಕ್ಸಿಲರೇಟರ್ ಮೇಲಿನ ಕಾಲು ಎತ್ತುವ ಅಗತ್ಯವೇ ಇಲ್ಲ, ಅಲ್ವಾ? ಹಾಗಾಗಿ ಎಲ್ಲರೂ ಅದನ್ನೂ ಟ್ರ್ಯಾಕ್ ಅಂತಲೇ ಬಳಸುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ.

ನಾನೂ ಕೇಳಿರಲಿಲ್ಲ. ಆಗ ನಾನು ಬಾವುಟದ ಪೋಸ್ಟ್‌ನಲ್ಲಿದ್ದೆ, ಅಂದರೆ ಟ್ರ್ಯಾಕ್ ಪಕ್ಕ ಮಾರ್ಷಲ್‌ಗಳು ಬಾವುಟ ಹಿಡಿದು ನಿಲ್ಲುವ ಜಾಗದಲ್ಲಿ. ನಮ್ಮ ಕೆಲಸದ ಕ್ರಮ ಸರಳ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದು. ಒಬ್ಬರು ಬರುವ ಕಾರುಗಳನ್ನು ನೋಡುತ್ತಾರೆ, ಇನ್ನೊಬ್ಬರು ಮುಂದಿನ ಪೋಸ್ಟ್‌ವರೆಗಿನ ರಸ್ತೆ ನೋಡುತ್ತಾರೆ. ಒಂದು ಶನಿವಾರ ಮಧ್ಯಾಹ್ನ ಸಲೂನ್ ಕಾರೊಂದು ಡ್ರೈವ್ ಶಾಫ್ಟ್ ಮುರಿದುಕೊಂಡು ನಮ್ಮ ತಿರುವಿನ ಹೊರಗೆ, ಆ ಡಾಂಬರಿನ ಅಂಚಿನಲ್ಲಿ ನಿಂತಿತು. ಡಬಲ್ ಯೆಲ್ಲೋ ಬೀಸಿದೆವು. ಡಬಲ್ ಯೆಲ್ಲೋ, ಎರಡು ಹಳದಿ ಬಾವುಟ, ಅಂದರೆ ವೇಗ ಚೆನ್ನಾಗಿ ಇಳಿಸು, ನಿಲ್ಲಲೂ ಸಿದ್ಧನಾಗಿರು, ಟ್ರ್ಯಾಕಿನ ಮೇಲೋ ಪಕ್ಕದಲ್ಲೋ ಜನ ಇದ್ದಾರೆ ಅಂತ. ನಾನೂ ಇನ್ನೊಬ್ಬ ಹುಡುಗನೂ ಕಾರು ತಳ್ಳಲು ಓಡಿದೆವು. ಕಾರಿನ ಹಿಂದಕ್ಕೆ ಕೈ ಹಾಕಿದ್ದೆವಷ್ಟೇ. ಪೋಸ್ಟ್ ಚೀಫ್ ಸೀಟಿ ಊದಿದರು. ತಲೆ ಎತ್ತುವಷ್ಟರಲ್ಲಿ ಒಂದು ಕಾರು ಕರ್ಬ್ ಹಾರಿ, ನಾಲ್ಕೂ ಚಕ್ರ ಗೆರೆಯಾಚೆ ಇಟ್ಟುಕೊಂಡು, ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿಗೆ ನನ್ನ ಕಿತ್ತಳೆ ಓವರಾಲ್ ಮೈಗೆ ಅಂಟಿಕೊಂಡಿತು. ಬಿಸಿ ರಬ್ಬರಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಸಂಜೆ ಆ ಡ್ರೈವರ್ ಬಂದು ಕೈ ಹಿಡಿದುಕೊಂಡ. ಚಿಕ್ಕ ಹುಡುಗ, ಕಣ್ಣು ಕೆಂಪಾಗಿತ್ತು. "ಬಾವುಟ ನೋಡಿದೆ ಸರ್, ಸ್ವಲ್ಪ ಎತ್ತಿದೆ ಕೂಡ. ಆದ್ರೆ ಪ್ರತಿ ಲ್ಯಾಪ್ ಅಲ್ಲೇ ಹೋಗಿ ಹೋಗಿ ಕೈ ತಾನಾಗೇ ಆ ಕಡೆ ತಿರುಗ್ತು."

ಆ ಮಾತು ನನ್ನನ್ನು ಬಿಡಲಿಲ್ಲ. ಟ್ರ್ಯಾಕ್ ಲಿಮಿಟ್ಸ್, ಅಂದರೆ ಆ ಬಿಳಿ ಗೆರೆ ದಾಟಬಾರದು ಅನ್ನುವುದು, ಯಾರೋ ಅರೆ ಸೆಕೆಂಡ್ ಕದಿಯುವುದನ್ನು ತಡೆಯುವ ನಿಯಮ ಅಂತಲೇ ನಾನು ತಿಳಿದಿದ್ದೆ. ಅದು ನಿಜ, ಆದರೆ ಅಷ್ಟೇ ಅಲ್ಲ. ಕಾರು ಎಲ್ಲಿರುತ್ತದೆ, ಎಲ್ಲಿರುವುದಿಲ್ಲ ಅನ್ನುವುದನ್ನು ಹೇಳುವುದೇ ಆ ಗೆರೆ. ತಡೆಗೋಡೆ ಎಷ್ಟು ದೂರದಲ್ಲಿರಬೇಕು, ಪೋಸ್ಟ್ ಎಲ್ಲಿರಬೇಕು, ಮಾರ್ಷಲ್ ಎಲ್ಲಿ ಕಾಲಿಡಬಹುದು, ಇದೆಲ್ಲ ಆ ಗೆರೆಯಿಂದಲೇ ಅಳೆದದ್ದು. ಡ್ರೈವರ್‌ಗಳು ಗೆರೆಯನ್ನು ಮೂರು ಮೀಟರ್ ಆಚೆ ಸರಿಸಿಕೊಂಡರೆ ನಮ್ಮ ಲೆಕ್ಕವೆಲ್ಲ ಮೂರು ಮೀಟರ್ ತಪ್ಪುತ್ತದೆ. ಜೊತೆಗೆ ವೇಗವೂ ಏರುತ್ತದೆ. ವೇಗ 10 ಶೇಕಡ ಜಾಸ್ತಿಯಾದರೆ ಗೋಡೆ ತಡೆಯಬೇಕಾದ ಶಕ್ತಿ 21 ಶೇಕಡ ಜಾಸ್ತಿಯಾಗುತ್ತದೆ.

2014ರಲ್ಲಿ ಜಪಾನಿನ ಸುಜುಕಾದಲ್ಲಿ ಫಾರ್ಮುಲಾ ಒನ್ ಡ್ರೈವರ್ ಜೂಲ್ಸ್ ಬಿಯಾಂಕಿ ಮಳೆಯಲ್ಲಿ ಜಾರಿ ಹೋಗಿ ಇನ್ನೊಂದು ಕಾರನ್ನು ಎತ್ತುತ್ತಿದ್ದ ಕ್ರೇನ್ ವಾಹನಕ್ಕೆ ಗುದ್ದಿದರು. ಅಲ್ಲೂ ಡಬಲ್ ಯೆಲ್ಲೋ ಇತ್ತು. ಮರು ವರ್ಷ ಜುಲೈನಲ್ಲಿ ಅವರು ತೀರಿಕೊಂಡರು. ಎಲ್ಲರ ವೇಗವನ್ನೂ ಒಟ್ಟಿಗೇ ಇಳಿಸುವ ವರ್ಚುವಲ್ ಸೇಫ್ಟಿ ಕಾರ್ ಫಾರ್ಮುಲಾ ಒನ್‌ಗೆ ಬಂದದ್ದು ಅದಾದ ಮೇಲೆಯೇ, 2015ರಲ್ಲಿ. ನಮ್ಮ ಕ್ಲಬ್ ರೇಸ್‌ಗಳಲ್ಲಿ ಅದೆಲ್ಲ ಇಲ್ಲ. ನಮಗಿರುವುದು ಬಾವುಟ, ಸೀಟಿ, ವಾಕಿಟಾಕಿ.

ಮುಂದಿನ ಸೀಸನ್ ಶುರುವಾಗುವ ಮೊದಲೇ ರೇಸ್ ನಡೆಸುವ ಮುಖ್ಯಸ್ಥರಾದ ಕ್ಲರ್ಕ್ ಆಫ್ ದಿ ಕೋರ್ಸ್ ಹತ್ತಿರ ಹೋಗಿ, "ಆ ತಿರುವಿನ ಗೆರೆ ನೋಡೋ ಕೆಲಸ ನನಗೆ ಕೊಡಿ ಸರ್" ಅಂತ ಕೇಳಿದೆ. ಕೊಟ್ಟರು. ನಿಯಮ ಅವರು ಎರಡೇ ಮಾತಿನಲ್ಲಿ ಹೇಳಿದರು: ಬಿಳಿ ಗೆರೆ ಟ್ರ್ಯಾಕಿಗೆ ಸೇರಿದ್ದು, ಕರ್ಬ್ ಸೇರಿದ್ದಲ್ಲ. ಕಾರಿನ ಒಂದು ಚಕ್ರ ಗೆರೆಗೆ ತಾಗಿದ್ದರೂ ಒಳಗೆ, ನಾಲ್ಕೂ ಆಚೆ ಹೋದರೆ ಹೊರಗೆ.

ಕೇಳುವುದಕ್ಕೆ ಸುಲಭ. ಮೊದಲ ದಿನ ಪೋಸ್ಟ್‌ನ ಪಕ್ಕದಲ್ಲಿ, ತಿರುವಿನ ಹೊರಬದಿಯಲ್ಲಿ ನಿಂತು ಬರೆಯುತ್ತಾ ಹೋದೆ. ಹಾಳೆಯ ಎರಡೂ ಕಡೆ ತುಂಬಿತು. ಸಂಜೆ ಒಬ್ಬ ಡ್ರೈವರ್ ತನ್ನ ಕಾರಿನೊಳಗಿನ ಕ್ಯಾಮೆರಾದ ವಿಡಿಯೋ ತೋರಿಸಿದ. ನಾನು ಹೊರಗೆ ಅಂದಿದ್ದ ಒಂದು ಲ್ಯಾಪ್‌ನಲ್ಲಿ ಅವನ ಬಲಗಡೆ ಚಕ್ರಗಳು ಗೆರೆಯ ಮೇಲೇ ಇದ್ದವು. ಹೊರಬದಿಯಲ್ಲಿ ನಿಂತರೆ ಎಡಗಡೆ ಚಕ್ರಗಳೂ ಕಾರಿನ ಮೈಯೂ ಗೆರೆಯನ್ನು ಮುಚ್ಚಿಬಿಡುತ್ತವೆ. ಮುಖ್ಯವಾದ ಚಕ್ರ ಕಾಣುವುದೇ ಇಲ್ಲ. ಆ ನಮೂದನ್ನು ನಾನೇ ಹೋಗಿ ಹೊಡೆಸಿಹಾಕಿದೆ, ಅವನ ಲ್ಯಾಪ್ ಸಮಯ ಅವನಿಗೆ ವಾಪಸ್ ಸಿಕ್ಕಿತು.

ಆಮೇಲೆ ಮಾಡಿದ ಮೊದಲ ಕೆಲಸ ನಿಲ್ಲುವ ಜಾಗ ಬದಲಿಸಿದ್ದು. ಟ್ರ್ಯಾಕಿನಲ್ಲಿ ಯಾರೂ ಇಲ್ಲದಾಗ ಆ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು, ಗೆರೆಯ ನೇರಕ್ಕೆ ಕಣ್ಣು ಇಡಬಹುದಾದ ಜಾಗ ಹುಡುಕಿದೆ. ಬಡಗಿ ಹಲಗೆ ನೆಟ್ಟಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ. ತಿರುವಿನಿಂದ ಮುಂದೆ, ತಡೆಗೋಡೆಯ ಹಿಂದೆ, ಒಂದು ಕಡೆ ಅದು ಸಿಕ್ಕಿತು. ಅಲ್ಲಿಂದ ನೋಡಿದರೆ ಕಾರು ಗೆರೆ ದಾಟಿದಾಗ ಚಕ್ರಕ್ಕೂ ಗೆರೆಗೂ ನಡುವೆ ಕಪ್ಪು ಡಾಂಬರಿನ ಸಣ್ಣ ಪಟ್ಟಿ ಕಾಣುತ್ತದೆ. ಆ ಪಟ್ಟಿ ಕಂಡರೆ ಮಾತ್ರ ಬರೆಯುವುದು.

ಗಂಟೆಗೆ 150 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 42 ಮೀಟರ್. ಗೆರೆಯನ್ನೂ ನೋಡಿ ನಂಬರನ್ನೂ ಓದುವುದು ಒಬ್ಬರಿಂದ ಆಗದು. ಅದಕ್ಕೇ ಇಬ್ಬರಾದೆವು. ನಾನು ಕಾರನ್ನು ನೋಡುವುದೇ ಇಲ್ಲ, ಕಣ್ಣು ಗೆರೆಯ ಮೇಲೆ. ಜೊತೆಯವಳು ಗೆರೆ ನೋಡುವುದಿಲ್ಲ, ಬರುವ ಕಾರಿನ ನಂಬರನ್ನು ಮೊದಲೇ ಹೇಳುತ್ತಿರುತ್ತಾಳೆ. "ಹನ್ನೊಂದು, ಇಪ್ಪತ್ತೇಳು, ನಾಲ್ಕು." ನಾನು "ಹೂಂ" ಅಂದರೆ ಆ ಕ್ಷಣದ ನಂಬರು ಹಾಳೆಗೆ ಹೋಗುತ್ತದೆ. ಲ್ಯಾಪ್, ಗಡಿಯಾರದ ಸಮಯ, ಪಕ್ಕದಲ್ಲಿ ಒಂದು ಅಕ್ಷರ: ತಾನಾಗಿ ಹೋದನೇ, ಜಾರಿ ಹೋದನೇ, ಬೇರೆಯವರು ತಳ್ಳಿದರೇ. ಈ ಕೊನೆಯ ಅಕ್ಷರ ಬಹಳ ಮುಖ್ಯ. ಪಕ್ಕದವನು ಜಾಗ ಕೊಡದೆ ಹೊರಗೆ ಹೋದವನಿಗೂ, ಬೇಕಂತಲೇ ಅಗಲಕ್ಕೆ ಹೋದವನಿಗೂ ಒಂದೇ ಶಿಕ್ಷೆ ಆಗಬಾರದು. ಶಿಕ್ಷೆ ಕೊಡುವುದು ನಾವಲ್ಲ, ರೇಸಿನ ತೀರ್ಪುಗಾರರಾದ ಸ್ಟುವರ್ಡ್‌ಗಳು. ಆದರೆ ಅವರ ಕಣ್ಣು ನಾವೇ.

ಅನುಮಾನ ಬಂದರೆ ಬರೆಯಬಾರದು ಅಂತ ಮೊದಲೇ ನಿರ್ಧರಿಸಿಕೊಂಡೆವು. ಮಧ್ಯಾಹ್ನ ಎರಡು ಗಂಟೆಗೆ ಡಾಂಬರಿನ ಮೇಲೆ ಬಿಸಿಲ ಝಳ ಏಳುತ್ತದೆ, ಗೆರೆ ಹಾವಿನ ಹಾಗೆ ಆಡುತ್ತದೆ. ಆಗ ಎಷ್ಟೋ ಜನರನ್ನು ಬಿಟ್ಟಿದ್ದೇವೆ. ಹತ್ತು ಸಲ ಬಿಟ್ಟರೂ ಪರವಾಗಿಲ್ಲ, ಬರೆದದ್ದು ಒಂದೂ ಸುಳ್ಳಾಗಬಾರದು. ಎರಡು ರೌಂಡ್, ಅಂದರೆ ಸೀಸನ್ನಿನ ಎರಡು ರೇಸ್ ವಾರಾಂತ್ಯ, ಕಳೆಯುವಷ್ಟರಲ್ಲಿ ಡ್ರೈವರ್‌ಗಳು ವಿಡಿಯೋ ಹಿಡಿದುಕೊಂಡು ಬರುವುದು ನಿಂತಿತು.

ರೇಸಿಗೆ ಮುಂಚೆ ಡ್ರೈವರ್‌ಗಳಿಗೆ ಕೊಡುವ ಬ್ರೀಫಿಂಗ್‌ನಲ್ಲಿ ಮೊದಲೆಲ್ಲ ಬಾಯಿ ಮಾತಿನಲ್ಲಿ ನಿಯಮ ಓದುತ್ತಿದ್ದರು. ನಾವು ಒಂದು ಕಾರನ್ನು ಅದೇ ತಿರುವಿಗೆ ಒಯ್ದು, ಗೆರೆಯ ಮೇಲೆ ಒಂದು ಫೋಟೋ, ಗೆರೆಯಾಚೆ ಒಂದು ಫೋಟೋ ತೆಗೆದು ತೋರಿಸಿದೆವು. "ಇದು ಓಕೆ, ಇದು ಅಲ್ಲ." ಪ್ರಶ್ನೆಗಳು ಅಲ್ಲೇ ಅರ್ಧ ಕಡಿಮೆಯಾದವು. ಹಳೆಯ ಗೆರೆ ಟೈರಿನ ಕಪ್ಪಿಗೆ ಮಾಸಿಹೋಗಿತ್ತು. ಅದಕ್ಕೆ ಹೊಸ ಬಣ್ಣ ಹೊಡೆಸಲು ಮಾತ್ರ ನಾಲ್ಕು ಸಲ ಕೇಳಬೇಕಾಯಿತು.

ಇಷ್ಟಾದರೂ ಹಾಳೆ ಪೂರ್ತಿ ಖಾಲಿಯಾಗಲಿಲ್ಲ. ಯಾಕೆ ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು 2023ರ ಆಸ್ಟ್ರಿಯನ್ ಗ್ರಾಂಪ್ರಿ ನೋಡಿದ ಮೇಲೆ. ರೆಡ್ ಬುಲ್ ರಿಂಗ್‌ನ ಕೊನೆಯ ಎರಡು ತಿರುವುಗಳಲ್ಲಿ ಎಲ್ಲರೂ ಹೊರಗೆ ಹೋಗುತ್ತಿದ್ದರು. ಪರಿಶೀಲಿಸಬೇಕಾದ ಪ್ರಸಂಗಗಳು 1,200ಕ್ಕೂ ಹೆಚ್ಚು. ರೇಸ್ ಮುಗಿದು ಗಂಟೆಗಳು ಕಳೆದ ಮೇಲೆ ಎಂಟು ಡ್ರೈವರ್‌ಗಳಿಗೆ ಪೆನಾಲ್ಟಿ ಬಿತ್ತು, ಫಲಿತಾಂಶವೇ ಬದಲಾಯಿತು. ಅಷ್ಟೊಂದು ಕ್ಯಾಮೆರಾ, ಅಷ್ಟೊಂದು ದುಡ್ಡು ಇದ್ದ ಕಡೆಯೂ ಹೀಗೆ. ಮರು ವರ್ಷ ಅವರು ಮಾಡಿದ್ದೇನು? 9 ಮತ್ತು 10ನೇ ತಿರುವುಗಳಲ್ಲಿ ಕರ್ಬ್‌ನಾಚೆ ಜಲ್ಲಿಯ ಒಂದು ಪಟ್ಟಿ ಹಾಕಿದರು. ಹೊರಗೆ ಹೋದವನ ಸಮಯ ಅಲ್ಲೇ ಹೋಗುತ್ತದೆ. ಗಲಾಟೆ ಅಲ್ಲಿಗೇ ಬಹುಪಾಲು ಮುಗಿಯಿತು.

ನಾನು ಸಭೆಯಲ್ಲಿ ಇದನ್ನೇ ಹೇಳಿದೆ. ನೆಲವೇ ಸಮಯ ಕಿತ್ತುಕೊಳ್ಳಬೇಕು, ಕಾಗದ ಅಲ್ಲ. ಎತ್ತರದ ಸಾಸೇಜ್ ಕರ್ಬ್ ಹಾಕಿಬಿಡೋಣ ಅಂದರು ಒಬ್ಬರು. ನಾನು ಒಪ್ಪಲಿಲ್ಲ. 2019ರಲ್ಲಿ ಇಟಲಿಯ ಮೊಂಜಾದಲ್ಲಿ ಫಾರ್ಮುಲಾ 3 ಡ್ರೈವರ್ ಅಲೆಕ್ಸ್ ಪೆರೋನಿಯ ಕಾರು ಅಂಥ ಕರ್ಬ್ ಮೇಲೆ ಹತ್ತಿ ಗಾಳಿಗೆ ಹಾರಿತ್ತು. ಹಾಗಾದರೆ ಜಲ್ಲಿ? ಅದಕ್ಕೆ ಹಿರಿಯ ಬೈಕ್ ರೇಸರ್ ಒಬ್ಬರು ಎದ್ದು ನಿಂತರು. ನಮ್ಮಲ್ಲಿ ಕಾರಿನ ರೇಸೂ ಬೈಕಿನ ರೇಸೂ ಒಂದೇ ಟ್ರ್ಯಾಕ್, ಎಷ್ಟೋ ಸಲ ಒಂದೇ ದಿನ. "ಕರ್ಬ್ ಪಕ್ಕದಲ್ಲೇ ಜಲ್ಲಿ ಬೇಡ ಸರ್. ಕಾರಿನವರು ಅದನ್ನ ಟ್ರ್ಯಾಕಿಗೆ ಎಳ್ಕೊಂಡ್ ಬರ್ತಾರೆ. ಆಮೇಲೆ ನಾವು ಅದರ ಮೇಲೇ ಬೈಕ್ ಮಲಗಿಸಬೇಕು."

ಅವರ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ. ಕೊನೆಗೆ ಕರ್ಬ್‌ನಾಚೆಯ ಡಾಂಬರನ್ನು ಒಂದೂವರೆ ಮೀಟರ್ ಅಗಲಕ್ಕೆ ಕಿತ್ತು, ಮಣ್ಣು ತುಂಬಿಸಿ, ಹುಲ್ಲು ಬೆಳೆಸುವುದು ಅಂತಾಯಿತು. ಖರ್ಚು ಕಡಿಮೆ. ಒಣಗಿದ್ದಾಗ ಕಾರು ಅದರ ಮೇಲೆ ಹೋದರೆ ಹಿಡಿತ ತಪ್ಪಿ ಒದ್ದಾಡುತ್ತದೆ, ಡ್ರೈವರ್ ಕಾಲು ಎತ್ತಲೇಬೇಕು. ಮಳೆ ಬಂದರೆ ಹುಲ್ಲು ಸೋಪಿನ ಹಾಗೆ ಜಾರುತ್ತದೆ, ಅದು ನನಗೂ ಗೊತ್ತು. ಅದಕ್ಕೆ ಅದರಾಚೆಯ ಡಾಂಬರನ್ನು ಹಾಗೇ ಉಳಿಸಿಕೊಂಡೆವು.

ಹುಲ್ಲಿನ ನಿಜವಾದ ತೊಂದರೆ ಅಂಚಿನಲ್ಲಿರುತ್ತದೆ. ಚಕ್ರಗಳು ಹಾದು ಹಾದು ಮಣ್ಣು ಕೊರೆದು ಹೋಗುತ್ತದೆ, ಕರ್ಬ್‌ನ ಕಾಂಕ್ರೀಟು ಮೆಟ್ಟಿಲಿನ ಹಾಗೆ ಎದ್ದು ನಿಲ್ಲುತ್ತದೆ. ಹೊರಗೆ ಹೋದ ಕಾರು ಒಳಗೆ ಬರುವಾಗ ಚಕ್ರ ಆ ಮೆಟ್ಟಿಲಿಗೆ ಸಿಕ್ಕಿ, ಕಾರು ಒಮ್ಮೆಲೇ ಅಡ್ಡ ತಿರುಗಬಹುದು, ಉರುಳಲೂಬಹುದು. ಬೈಕಾದರೆ ಹೇಳುವುದೇ ಬೇಡ. ಹಾಗಾಗಿ ಪ್ರತಿ ಸೆಷನ್ ಮುಗಿದ ಮೇಲೆ ನಾನು ಅಂಚಿಗೆ ಬೆರಳು ಇಟ್ಟು ನೋಡುತ್ತೇನೆ. ಎರಡು ಬೆರಳಿನಷ್ಟು ಆಳ ಬಿದ್ದಿದ್ದರೆ ಮಣ್ಣು ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಹಾಕಬೇಕು. ಎರಡು ರೇಸ್‌ಗಳ ನಡುವೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ನಾಲ್ಕು ಜನ, ಎರಡು ಸಲಿಕೆ, ಆರು ಮೂಟೆ ಮಣ್ಣು ಮೊದಲೇ ಸಿದ್ಧವಿದ್ದರೆ ಆಗುತ್ತದೆ.

ಅದೇ ಹೊತ್ತಿಗೆ ಟೈರ್ ಗೋಡೆಯನ್ನೂ ನೋಡಿದೆವು. ಸುಮ್ನೆ ಒಂದರ ಮೇಲೊಂದು ಪೇರಿಸಿದ ಟೈರುಗಳು ಗುದ್ದಿದರೆ ಚೆಲ್ಲಾಪಿಲ್ಲಿಯಾಗಿ ಟ್ರ್ಯಾಕಿಗೇ ಉರುಳುತ್ತವೆ. ಅವನ್ನು ಪಕ್ಕಪಕ್ಕಕ್ಕೂ ಹಿಂದು ಮುಂದಕ್ಕೂ ಬೋಲ್ಟ್ ಹಾಕಿ ಬಿಗಿಯಬೇಕು, ಮುಂಭಾಗಕ್ಕೆ ಕನ್ವೇಯರ್ ಬೆಲ್ಟಿನ ರಬ್ಬರ್ ಹೊದಿಸಬೇಕು, ಕಾರಿನ ಮೂತಿ ಟೈರುಗಳ ಮಧ್ಯೆ ನುಗ್ಗಿ ಸಿಕ್ಕಿಕೊಳ್ಳಬಾರದು ಅಂತ. ನಾವು ನೋಡಿದ ಕಡೆ ಕೆಲವು ಬೋಲ್ಟುಗಳು ತುಕ್ಕು ಹಿಡಿದು ಕೈಯಲ್ಲೇ ಮುರಿದವು. ಟೈರುಗಳ ಒಳಗೆ ಮಳೆ ನೀರು ನಿಂತು ಸೊಳ್ಳೆ ಎದ್ದಿದ್ದವು. ಡೆಂಗ್ಯೂ ಕಾಲದಲ್ಲಿ ದಿನವಿಡೀ ಅದರ ಹಿಂದೆ ನಿಲ್ಲುವವರು ನಾವೇ ತಾನೇ. ಪ್ರತಿ ಟೈರಿನ ಕೆಳಭಾಗಕ್ಕೆ ತೂತು ಕೊರೆಸಿದೆವು. ಎರಡು ದಿನ ಡ್ರಿಲ್ ಹಿಡಿದು ಹೆಬ್ಬೆರಳಿಗೆ ಬೊಬ್ಬೆ ಬಂತು. ಆ ಕೆಲಸ ಬೇಸರ ಅನಿಸಲಿಲ್ಲ.

ಹುಲ್ಲಿನ ಪಟ್ಟಿ ಬಂದ ಮೇಲಿನ ಮೊದಲ ರೌಂಡ್‌ನಲ್ಲಿ ಅಭ್ಯಾಸದ ದಿನ ಒಂದಷ್ಟು ಜನ ಹಳೆಯ ದಾರಿ ಹಿಡಿದರು. ಮಣ್ಣು ಎದ್ದಿತು, ಕಾರು ಅಲುಗಾಡಿತು, ಮುಂದಿನ ಲ್ಯಾಪ್‌ನಿಂದ ಬರಲಿಲ್ಲ. ಭಾನುವಾರ ಸಂಜೆ ನಮ್ಮ ಹಾಳೆಯಲ್ಲಿ ಅರ್ಧ ಪುಟವೂ ತುಂಬಿರಲಿಲ್ಲ. ಅದರಲ್ಲಿ ಹೆಚ್ಚಿನವು ಜಾರಿ ಹೋದವರದು. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಅವತ್ತು ಮತ್ತೆ ಒಂದು ಕಾರು ಅದೇ ಜಾಗದಲ್ಲಿ ಕೆಟ್ಟು ನಿಂತಿತು, ಮತ್ತೆ ಡಬಲ್ ಯೆಲ್ಲೋ ಬೀಸಿದೆವು. ನಮ್ಮ ಹುಡುಗರು ಕಾರು ತಳ್ಳುತ್ತಿದ್ದಾಗ ಹಾದುಹೋದ ಪ್ರತಿ ಕಾರೂ ಗೆರೆಯ ಒಳಗೇ ಇತ್ತು. ನಾನು ಒಂದೊಂದನ್ನೂ ನೋಡಿದೆ. ಅಂದು ನನ್ನ ಕೈ ಹಿಡಿದುಕೊಂಡಿದ್ದ ಆ ಡ್ರೈವರ್ ಕೂಡ ಅದರಲ್ಲಿದ್ದ.

ಜೋರು ಮಳೆಯಲ್ಲಿ ಆ ಪಟ್ಟಿ ಹೇಗೆ ನಡೆದುಕೊಳ್ಳುತ್ತದೆ ಅಂತ ಇನ್ನೂ ನೋಡಬೇಕಿದೆ. ಬೈಕಿನವರು ಮಳೆಯ ದಿನ ಆ ತಿರುವಿಗೆ ಇನ್ನೊಬ್ಬ ಬಾವುಟದವನನ್ನು ಕೊಡಿ ಅಂತ ಕೇಳಿದ್ದಾರೆ, ಕೊಡುತ್ತೇವೆ. ಈಗ ಮಳೆಗಾಲ ಮುಗಿದಿದೆ. ಅಂಚಿನ ಮಣ್ಣು ಮತ್ತೆ ಕುಸಿದಿದೆ ಅಂತ ಪೋಸ್ಟ್ ಚೀಫ್ ಅಣ್ಣ ಫೋಟೋ ಕಳಿಸಿದ್ದಾರೆ, ಮೂರು ಬೆರಳಿನಷ್ಟು ಆಳ ಕಾಣುತ್ತಿದೆ. ಗುರುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಅಭ್ಯಾಸ ಶುರುವಾಗುವುದು ಒಂಬತ್ತಕ್ಕೆ. ಆರಕ್ಕೇ ಅಲ್ಲಿದ್ದರೆ ಮಣ್ಣು ತುಂಬಿಸಿ, ನೀರು ಹಾಕಿ, ಗಟ್ಟಿಯಾಗಲು ಸಮಯ ಸಿಗುತ್ತದೆ.