12345654321ರ ಒಳಗೇನಿದೆ ಅಂತ ಪೆನ್ನು ಪೇಪರಲ್ಲೇ ಕಂಡುಹಿಡಿಯೋದು ಹೇಗೆ

ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಅನ್ನೋ ಪುಸ್ತಕದಲ್ಲಿ 27994681ನ್ನ 441ರಿಂದ ಗುಣಿಸೋ ಲೆಕ್ಕ ಕೊಟ್ಟಿದಾರೆ. ಉತ್ತರ 12345654321, ಅಂದ್ರೆ 1234 ಕೋಟಿ 56 ಲಕ್ಷ 54 ಸಾವಿರದ 321. ಒಂದರಿಂದ ಆರಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯತ್ತೆ, ಹಿಂದಿಂದ ಓದಿದ್ರೂ ಅದೇ, ಕತ್ತಿಗೆ ಹಾಕೋ ಹಾರದ ಥರ. ಇಷ್ಟು ದೊಡ್ಡ ನಂಬರನ್ನ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸೋಕೆ ಮೊಬೈಲ್ ಬೇಕಾಗಿಲ್ಲ, ಅಂಗಡಿಲಿರೋ 10 ಅಂಕಿ ಕ್ಯಾಲ್ಕುಲೇಟರಲ್ಲಂತೂ ಇದು ಹಿಡಿಯೋದೇ ಇಲ್ಲ.

ಮೊದಲು ಅಂಕಿಗಳನ್ನ ಕೂಡಿ. 36 ಬರತ್ತೆ, ಸೋ 9ರಿಂದ ಶೇಷ ಇಲ್ದೆ ಭಾಗ ಹೋಗತ್ತೆ. ಇದು ಎಲ್ರಿಗೂ ಗೊತ್ತಿರೋದೇ.

ನಿಜವಾದ ಮಜಾ ಇರೋದು ಈಗ. ಬಲಗಡೆಯಿಂದ ಮೂರು ಮೂರು ಅಂಕಿಗೆ ಗೆರೆ ಹಾಕಿ: 12 | 345 | 654 | 321. ಬಲದಿಂದ ಶುರು ಮಾಡಿ ಒಂದು ಕೂಡಿ ಒಂದು ಕಳೀರಿ, 321 − 654 + 345 − 12, ಸೊನ್ನೆ! ಸೊನ್ನೆ ಬಂದ್ರೆ 1001ರಿಂದ ಭಾಗ ಹೋಗತ್ತೆ ಅಂತ ಅರ್ಥ, ಯಾಕಂದ್ರೆ ಸಾವಿರ ಅನ್ನೋದು 1001ಕ್ಕಿಂತ ಒಂದೇ ಕಮ್ಮಿ, ಅದಕ್ಕೇ ಗುಂಪುಗಳು ಒಂದು ಪ್ಲಸ್ ಒಂದು ಮೈನಸ್ ಆಗ್ತಾ ಹೋಗತ್ತೆ. 1001 ಅಂದ್ರೆ 7 × 11 × 13, ಅಲ್ಲಿಗೆ ಮೂರು ಮಗ್ಗಿ ಕೆಲಸ ಒಂದೇ ಏಟಿಗೆ ಮುಗೀತು.

ಈಗ 1001ರಿಂದ ಭಾಗಿಸಿ, 12333321 ಸಿಗತ್ತೆ. ತುಂಬಾ ಜನ ಇಲ್ಲೇ ನಿಲ್ಲಿಸಿಬಿಡ್ತಾರೆ, ನಿಲ್ಲಿಸ್ಬೇಡಿ, ಬಂದ ಉತ್ತರಕ್ಕೂ ಅದೇ ಪರೀಕ್ಷೆ ಮಾಡಿ: 321 − 333 + 12, ಮತ್ತೆ ಸೊನ್ನೆ. ಇನ್ನೊಂದ್ಸಲ ಭಾಗಿಸಿದ್ರೆ 12321. ಮತ್ತೆ ನೋಡಿದ್ರೆ 321 − 12 = 309. ಸೊನ್ನೆ ಬರದಿದ್ರೆ, ಉಳಿದಿದ್ದು 7, 11, 13ರಲ್ಲಿ ಯಾವುದರಿಂದ ಹೋಗತ್ತೋ ಅದರಿಂದ ಮಾತ್ರ ನಂಬರೂ ಹೋಗತ್ತೆ; 309 ಯಾವುದರಿಂದಲೂ ಹೋಗಲ್ಲ, ಆ ದಾರಿ ಅಲ್ಲಿಗೆ ಮುಗೀತು. 12321 ಅನ್ನೋದು 111ರ ವರ್ಗ, 111 ಅಂದ್ರೆ 3 × 37.

ಸೋ ನಮ್ಮ ಹಾರದಲ್ಲಿರೋದು 3, 7, 11, 13, 37, ಪ್ರತಿಯೊಂದೂ ಎರಡೆರಡು ಸಲ. ಎಲ್ಲಾನೂ ಒಂದೊಂದ್ಸಲ ಗುಣಿಸಿದ್ರೆ 111111, ಅದರ ವರ್ಗವೇ ಈ ನಂಬರ್. 111111ನ್ನ ಅದರಿಂದಲೇ ಉದ್ದಕ್ಕೆ ಬರೆದು ಗುಣಿಸಿ ನೋಡಿ, ಒಂದರ ಕೆಳಗೆ ಒಂದು ಜಾರ್ಕೊಂಡು ಕೂತು ಮಧ್ಯದ ಕಂಬಸಾಲಲ್ಲಿ (ಮೇಲಿಂದ ಕೆಳಗೆ) ಆರು ಒಂದುಗಳು ಬೀಳತ್ವೆ, ಎಲ್ಲೂ ದಶಕ ಇಲ್ಲ. ಒಂಬತ್ತು ಒಂದುಗಳ ತನಕ ಹೀಗೇ ನಡೆಯತ್ತೆ, ಹತ್ತಾದ್ರೆ ದಶಕ ಬಂದು ಹಾರ ಕಿತ್ತೋಗತ್ತೆ.

ಎಷ್ಟು ಭಾಜಕಗಳಿವೆ ಅಂತ ಎಣಿಸೋಕೆ ಲಿಸ್ಟ್ ಮಾಡ್ಬೇಡಿ. ಪ್ರತಿ ಅವಿಭಾಜ್ಯನೂ ತಗೊಳ್ದೇ ಇರಬಹುದು, ಒಂದ್ಸಲ ಅಥವಾ ಎರಡ್ಸಲ ತಗೋಬಹುದು, ಮೂರು ಆಯ್ಕೆ, ಐದು ಅವಿಭಾಜ್ಯ, ಅಂದ್ರೆ 3 × 3 × 3 × 3 × 3 = 243.

ಈಗ ಮಹಾವೀರಾಚಾರ್ಯರ ಲೆಕ್ಕಕ್ಕೆ ವಾಪಸ್ ಬನ್ನಿ. 441 ಅಂದ್ರೆ 21ರ ವರ್ಗ, ಅಂದ್ರೆ 3 ಮತ್ತು 7 ಆ ಕಡೆ ಹೋಯ್ತು, ಉಳಿದ 11 × 13 × 37 = 5291, ಅದರ ವರ್ಗ 27994681. ಎಷ್ಟು ಚೆನ್ನಾಗಿ ಬಚ್ಚಿಟ್ಟಿದಾರೆ ನೋಡಿ!

ಅವರದ್ದೇ ಇನ್ನೊಂದು ಹಾರ 152207 × 73 = 11111111. ಇದಕ್ಕೂ ಗೆರೆ ಹಾಕಿ: 111 − 111 + 11, ಉಳಿಯೋದು 11. ಅಂದ್ರೆ ಇದು 11ರಿಂದ ಹೋಗತ್ತೆ, 7 ಮತ್ತು 13ರಿಂದ ಹೋಗಲ್ಲ.